ಪುಟ್ಟ ಟ್ಯಾಂಕಿನ ಸಂಧಿಕಾರ್ಯ

ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವ ಪಂಡಿತನು ಯುದ್ಧದ ಟ್ಯಾಂಕಿನ ಪ್ರತಿಕೃತಿಯನ್ನು ಕುರಿತು ಬರೆಯಲು ಹೊರಟುದೇಕೆಂದು ವಾಚಕ ಮಹನೀಯರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹೆಮ್ಮರಗಾಲದ ನಮ್ಮ ಶಾಲೆಯಲ್ಲಿ ಓದಿ, ಸೇನೆಯನ್ನು ಸೇರಿ, ಟಿ-55 ಟ್ಯಾಂಕಿನ ಚಾಲಕರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಶಾಲೆಯ ವಸ್ತುಪ್ರದರ್ಶನಕ್ಕೆಂದು ಆ ಟ್ಯಾಂಕಿನ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕೊಡುಗೆಯಾಗಿ ಇತ್ತರು. ಅದರೊಡನೆ ಬೇರೆ ತಯಾರಕರಿಂದ ತರಿಸಿದ ಅಲ್ಯೂಮಿನಿಯಂ ನಳಿಕೆ, ರಾಳದಲ್ಲಿ ಎರೆದ ತುಂಡುಗಳು, ತೆಳು ಹಿತ್ತಾಳೆಯ ಬಲೆಗಳು, ಕೊಂಡಿಕೊಂಡಿಯಾಗಿ ಜೋಡಿಸತಕ್ಕ ಸರಪಳಿ ಇವೂ ಇದ್ದವು. ಅವರು ಹೇಳಿದ ಮಾತು ಒಂದೇ: “ನಾನು ಓಡಿಸಿದ ಗಾಡಿ ಹೇಗಿತ್ತೋ ಹಾಗೇ ಇರಬೇಕು, ಮೇಷ್ಟ್ರೇ.”

ಮಕ್ಕಳು ಜೋಡಿಸಲು ಕುಳಿತರು. ಪೆಟ್ಟಿಗೆಯ ಭಾಗಗಳು ಒಂದಕ್ಕೊಂದು ಕೂಡಿದವು. ಹೊರಗಿನಿಂದ ಬಂದವುಗಳಲ್ಲಿ ಒಂದೂ ತನ್ನ ಜಾಗದಲ್ಲಿ ನೆಟ್ಟಗೆ ಕೂಡಲಿಲ್ಲ. ಹೊರಗಿನವನ್ನು ಬದಿಗಿಟ್ಟು ಪೆಟ್ಟಿಗೆಯಲ್ಲಿ ಇದ್ದುದರಿಂದಲೇ ಮುಗಿಸೋಣವೆಂದು ಕೆಲವರು ಸೂಚಿಸಿದರು. ಹಾಗೆ ಮಾಡಿದ್ದರೆ ಟ್ಯಾಂಕು ಆಗುತ್ತಿತ್ತು, ಆ ಹಿರಿಯರ ಟ್ಯಾಂಕು ಆಗುತ್ತಿರಲಿಲ್ಲ. ಕಾರಣವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು.

ಟಿ-55 ಸೋವಿಯತ್ ದೇಶದ ರಚನೆ. ಅದರ ಫಿರಂಗಿಯ ಬಾಯಿ 100 ಮಿಲಿಮೀಟರ್. 1971ರ ಯುದ್ಧದಲ್ಲಿ ನಮ್ಮ ಸೇನೆ ಈ ಟ್ಯಾಂಕುಗಳನ್ನು ಬಳಸಿತು. ಅನಂತರ 1980ರ ದಶಕದಲ್ಲಿ ಅವುಗಳಲ್ಲಿ ಅನೇಕಕ್ಕೆ ಆಂಗ್ಲ ಮೂಲದ 105 ಮಿಲಿಮೀಟರಿನ ಎಲ್-7 ಫಿರಂಗಿಯನ್ನು ತೊಡಿಸಲಾಯಿತು. ಹಳೆಯ ನಳಿಕೆಯಲ್ಲಿ ಹೊಗೆಯನ್ನು ಹೊರದೂಡುವ ಉಬ್ಬು ತುದಿಯಲ್ಲಿರುತ್ತದೆ. ಹೊಸದರಲ್ಲಿ ಅದು ನಡುಭಾಗಕ್ಕೆ ಸರಿದಿರುತ್ತದೆ. ದೂರದಿಂದ ನೋಡಿದವನಿಗೂ ಈ ವ್ಯತ್ಯಾಸ ತಿಳಿಯುತ್ತದೆ. ಮಕ್ಕಳನ್ನು ಕೊಡಗಿನ ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ಮಡಿಕೇರಿಯಲ್ಲಿ 2021ರಲ್ಲಿ ಉದ್ಘಾಟನೆಗೊಂಡ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಇರಿಸಿರುವ ಟಿ-55ನ್ನು ಅವರಿಗೆ ತೋರಿಸಬಹುದು. ಒಂದು ನಿಜವಾದ ಟ್ಯಾಂಕನ್ನು ಸುತ್ತಿ ಬಂದ ಹುಡುಗನ ಕಣ್ಣು ಪ್ರತಿಕೃತಿಯಲ್ಲಿ ತಪ್ಪನ್ನು ಬೇಗನೆ ಹಿಡಿಯುತ್ತದೆ.

ಈ ಪ್ರತಿಕೃತಿಯ ಪ್ರಮಾಣ 35ಕ್ಕೆ 1. ಈ ವಿಚಿತ್ರ ಸಂಖ್ಯೆ ಯಾವ ಶಾಸ್ತ್ರದಿಂದಲೂ ಬಂದುದಲ್ಲ. ಜಪಾನಿನ ತಮಿಯಾ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ರೂಪಿಸುವಾಗ ಒಳಗೆ ಮೋಟಾರೂ ಎರಡು ಬ್ಯಾಟರಿಗಳೂ ಹಿಡಿಸುವಷ್ಟು ಒಡಲನ್ನು ಇಟ್ಟರು. ಆಮೇಲೆ ಲೆಕ್ಕ ಹಾಕಿದಾಗ ಅದು ಸುಮಾರು 35ರಲ್ಲಿ ಒಂದಾಗಿತ್ತು. ಮೋಟಾರಿಗಾಗಿ ಒಡಲನ್ನು ಹಿಗ್ಗಿಸಿದ ಹಳೆಯ ಮಾದರಿಗಳಿಗೆ, ನಿಜವಾದ ಟ್ಯಾಂಕನ್ನು ಅಳೆದು ಮಾಡಿದ ಬಿಡಿಭಾಗಗಳು ಹೊಂದದಿರುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಭಾಗವು ಸರಿ, ಒಡಲೇ ತಪ್ಪು. ಇನ್ನೊಂದು ಕಡೆ ರಾಳವು ಗಟ್ಟಿಯಾಗುವಾಗ ಅತ್ಯಲ್ಪವಾಗಿ ಕುಗ್ಗುತ್ತದೆ. ಎರೆದ ತುಂಡಿನಿಂದಲೇ ಮತ್ತೆ ಅಚ್ಚು ತೆಗೆದು ಎರೆದರೆ ಕುಗ್ಗಿದುದು ಇನ್ನೂ ಕುಗ್ಗುತ್ತದೆ. ಅಲ್ಲಿ ಒಡಲು ಸರಿ, ಭಾಗವೇ ತಪ್ಪು.

ಆದಕಾರಣ ಅರವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಅಳೆಯಬೇಕು. ವಿಜ್ಞಾನದ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ಇದಕ್ಕೆ ಸಾಕು. 105ನ್ನು 35ರಿಂದ ಭಾಗಿಸಿದರೆ 3; ಎಂದರೆ ನಳಿಕೆಯ ಬಾಯಿ ಸರಿಯಾಗಿ 3 ಮಿಲಿಮೀಟರ್ ಇರತಕ್ಕದ್ದು. ನಮ್ಮ ನಳಿಕೆ ಅಷ್ಟೇ ಇತ್ತು. ತಪ್ಪು ನಳಿಕೆಯದಲ್ಲ; ಅದನ್ನು ಸೇರಿಸಿಕೊಳ್ಳಬೇಕಾದ ಟರೆಟ್ಟಿನ ಮುಂಭಾಗದ ರಂಧ್ರ ಹಳೆಯ ಫಿರಂಗಿಗಾಗಿ ಕೊರೆದುದಾಗಿತ್ತು. ದಾನವಾಗಿ ಬಂದ ವಸ್ತುವನ್ನು ಕೊರೆಯುವುದು ಯುಕ್ತವೇ ಎಂಬ ಸಂಕೋಚ ಮಕ್ಕಳಿಗಿತ್ತು. ಕೊರೆದುದು ಮತ್ತೆ ಮುಚ್ಚುವುದಿಲ್ಲವಾದ್ದರಿಂದ ಆ ಸಂಕೋಚ ಒಳ್ಳೆಯದೇ. ಆದರೆ ಯಾವುದು ತಪ್ಪೆಂದು ಅಳತೆಯಿಂದ ನಿರ್ಣಯವಾದ ಮೇಲೆ ಅದನ್ನು ಮುಟ್ಟಲು ಅಂಜಬೇಕಾದುದಿಲ್ಲ.

ಇಲ್ಲಿಂದ ಮುಂದೆ ನನ್ನ ಶಾಸ್ತ್ರ ಕೆಲಸಕ್ಕೆ ಬಂದಿತು. ಎರಡು ವರ್ಣಗಳು ಎದುರಾದಾಗ ಕನ್ನಡವು ಏನು ಮಾಡುತ್ತದೆ? ಒಂದನ್ನು ಬಿಡುತ್ತದೆ: ಮಾತು, ಇಲ್ಲ ಎಂಬವು ಮಾತಿಲ್ಲ ಎಂದಾಗುತ್ತವೆ. ಇಲ್ಲವೆ ನಡುವೆ ಹೊಸತೊಂದನ್ನು ತರುತ್ತದೆ: ಮನೆ, ಅನ್ನು ಎಂಬವು ಮನೆಯನ್ನು ಎಂದಾಗುತ್ತವೆ. ಇಲ್ಲವೆ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಡುತ್ತದೆ: ಮಳೆ, ಕಾಲ ಎಂಬವು ಮಳೆಗಾಲವಾಗುತ್ತವೆ. ಲೋಪ, ಆಗಮ, ಆದೇಶಗಳೆಂಬ ಈ ಮೂರೇ ಉಪಾಯಗಳು ಬಡಗಿಗೂ ಇರುವುದು.

ಲೋಪಕ್ಕೆ ನಿಯಮವೊಂದುಂಟು: ಅರ್ಥ ಕೆಡದಿದ್ದರೆ ಮಾತ್ರ ಲೋಪ. ರಾಳದ ತುಂಡುಗಳಿಗೆ ಎರಕದ ಬಾಯಿಯ ಗಟ್ಟಿ ಅಂಟಿಕೊಂಡಿರುತ್ತದೆ. ಅದನ್ನು ತೆಳುವಾದ ಗರಗಸದಿಂದ ಕೊಯ್ದು, ಗಾಜಿನ ಮೇಲೆ ಹಾಸಿದ ಮರಳುಕಾಗದದ ಮೇಲೆ ಆ ಮುಖವನ್ನು ತಿರುಗಿಸಿ ತಿರುಗಿಸಿ ಉಜ್ಜಬೇಕು. ಕಣ್ಣಿಗೆ ಕಾಣುವ ಮುಖವನ್ನು ಉಜ್ಜಿದರೆ ಮೊಳೆಯ ತಲೆ, ಬೆಸುಗೆಯ ಗೆರೆ ಎಲ್ಲವೂ ಹೋಗುತ್ತವೆ; ಉಜ್ಜುವುದೇನಿದ್ದರೂ ಒಳಮುಖವನ್ನು. ಕಾಗದವನ್ನು ನೀರಿನಲ್ಲಿ ನೆನೆಸಿಯೇ ಉಜ್ಜತಕ್ಕದ್ದು. ರಾಳದ ಧೂಳು ಶ್ವಾಸಕೋಶಕ್ಕೆ ಕೆಟ್ಟದು. ಮೂಗಿಗೆ ಬಟ್ಟೆ ಸಾಲದು, ಮಾಸ್ಕ್ ಬೇಕು. ಸೊಟ್ಟಗಾದ ತುಂಡನ್ನು ಉಜ್ಜುವುದು ಮೂರ್ಖತನ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಅದು ಮೆತ್ತಗಾಗುತ್ತದೆ. ಸಮತಟ್ಟಾದ ಹಲಗೆಯ ಮೇಲೆ ಒತ್ತಿ ಹಿಡಿದು ತಣ್ಣೀರಿಗೆ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ.

ನಳಿಕೆಯ ರಂಧ್ರವನ್ನು ಒಂದೇ ಸಲಕ್ಕೆ ದೊಡ್ಡ ಬೈರಿಗೆಯಿಂದ ಕೊರೆಯಲು ಹುಡುಗನೊಬ್ಬ ಮುಂದಾದನು. ಹಾಗೆ ಮಾಡಿದರೆ ಬೈರಿಗೆಯು ಪ್ಲಾಸ್ಟಿಕ್ಕನ್ನು ಕಚ್ಚಿ ಒಂದು ಪಕ್ಕಕ್ಕೆ ಎಳೆಯುತ್ತದೆ. ದುಂಡನೆಯ ಸಣ್ಣ ಅರದಿಂದ ಸುತ್ತಲೂ ಸಮನಾಗಿ ಉಜ್ಜುತ್ತ, ಎರಡು ಮೂರು ಉಜ್ಜಿಗೊಮ್ಮೆ ನಳಿಕೆಯನ್ನು ಕೂರಿಸಿ ನೋಡುತ್ತ ಹೋಗಬೇಕು. ಇದು ಬೇಸರದ ಕೆಲಸ, ಆದರೆ ಲೆಕ್ಕ ಇದನ್ನು ಬಯಸುತ್ತದೆ. ನಳಿಕೆಯ ಬುಡ ರಂಧ್ರದೊಳಗೆ 5 ಮಿಲಿಮೀಟರ್ ಇಳಿಯುತ್ತದೆನ್ನಿ. ಅಷ್ಟರಲ್ಲಿ ಅರ್ಧ ಮಿಲಿಮೀಟರ್ ವಾಲಿದರೆ, 150 ಮಿಲಿಮೀಟರ್ ಉದ್ದದ ನಳಿಕೆಯ ತುದಿ 15 ಮಿಲಿಮೀಟರ್ ಜೋಲುತ್ತದೆ. ಬುಡದಲ್ಲಿ ಕಣ್ಣಿಗೆ ಕಾಣದ ತಪ್ಪು ತುದಿಯಲ್ಲಿ ಬೆರಳಗಲವಾಗುತ್ತದೆ. ಮೇಲಿನಿಂದ ಒಮ್ಮೆ, ಎದುರಿನಿಂದ ಒಮ್ಮೆ ಕಣ್ಣಳತೆ ಹಿಡಿದು ನೇರವಿದೆಯೆಂದು ಕಂಡ ಮೇಲೆಯೇ ಅಂಟು. ಲೋಹದ ನಳಿಕೆಯ ಭಾರಕ್ಕೆ ಟರೆಟ್ಟು ಮುಂದಕ್ಕೆ ಮುಗ್ಗರಿಸುವುದೂ ಉಂಟು. ಒಳಗೆ ಹಿಂಬದಿಗೆ ಒಂದು ಕಬ್ಬಿಣದ ನಟ್ಟನ್ನು ಅಂಟಿಸಿ ನಮ್ಮ ಮಕ್ಕಳು ಅದನ್ನು ಸರಿದೂಗಿಸಿದರು.

ರಂಧ್ರವು ಹೆಚ್ಚು ಹಿಗ್ಗಿದ ಕಡೆ ಆಗಮ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಿ ಸಡಿಲವನ್ನು ತುಂಬುವುದು ಉತ್ತಮ. ಉಳಿದ ಸಂದಿಗೆ ಎಂ-ಸೀಲ್. ಎರಡು ಉಂಡೆಗಳನ್ನು ಕಲಸಿ ಒತ್ತಿ, ಒದ್ದೆ ಬೆರಳಿನಿಂದ ಸವರಿದರೆ ಅದು ಕುಗ್ಗದೆ ನಿಲ್ಲುತ್ತದೆ. ಮೋಟಾರು ಗಾಡಿಗಳಿಗೆ ಮೆತ್ತುವ ಪುಟ್ಟಿ ಒಣಗುವಾಗ ಕುಗ್ಗುತ್ತದೆ, ದಪ್ಪವಾಗಿ ಮೆತ್ತಿದರೆ ಪ್ಲಾಸ್ಟಿಕ್ಕನ್ನೂ ತಿನ್ನಬಲ್ಲುದು. ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಪೆಟ್ಟಿಗೆಯ ಮಾದರಿಗಳಿಗಾಗಿ ಮಾರುವ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ರಾಳವನ್ನಾಗಲಿ ಲೋಹವನ್ನಾಗಲಿ ಅದು ಕರಗಿಸಲಾರದು. ಅವುಗಳಿಗೆ ಸೂಪರ್ ಗ್ಲೂ ಬೇಕು, ಅದಕ್ಕೂ ಮುಂಚೆ ಅಚ್ಚಿನ ಜಿಡ್ಡು ಹೋಗುವಂತೆ ಸಾಬೂನು ನೀರಿನಲ್ಲಿ ತೊಳೆದಿರಬೇಕು.

ಸರಪಳಿಯದು ಬೇರೆ ಕಥೆ. ಕೊಂಡಿಗಳು ಹಲ್ಲುಗಾಲಿಗೆ ಮೂರು ಹಲ್ಲುಗಳವರೆಗೆ ಕೂಡಿ ನಾಲ್ಕನೆಯದಕ್ಕೆ ಏರಿ ನಿಲ್ಲುತ್ತಿದ್ದವು. ಹುಡುಗರು ಹಲ್ಲುಗಳನ್ನು ಅರದಿಂದ ತೆಳುಮಾಡತೊಡಗಿದ್ದರು. ನಾನು ಎಣಿಸಲು ಹೇಳಿದೆನು. ಟಿ-55ಕ್ಕೆ ಎರಡು ಬಗೆಯ ಸರಪಳಿಗಳುಂಟು. ಹಳೆಯದಕ್ಕೆ 13 ಹಲ್ಲಿನ ಗಾಲಿ, ಹೊಸದಕ್ಕೆ 14 ಹಲ್ಲಿನದು. ಪೆಟ್ಟಿಗೆಯ ಗಾಲಿ ಒಂದು ಬಗೆಯದು, ತರಿಸಿದ ಸರಪಳಿ ಇನ್ನೊಂದು ಬಗೆಯದು. ಹದಿಮೂರನ್ನು ಉಜ್ಜಿ ಹದಿನಾಲ್ಕು ಮಾಡುವ ಅರ ಲೋಕದಲ್ಲಿಲ್ಲ. ಇಲ್ಲಿ ಲೋಪವೂ ಸಲ್ಲದು, ಆಗಮವೂ ಸಲ್ಲದು, ಆದೇಶವೇ ಗತಿ. ಗಾಲಿಯನ್ನೇ ಬದಲಿಸಿದೆವು.

ಹಿತ್ತಾಳೆಯ ತಗಡು ಬಾಗದೆ ಚಿಮ್ಮುತ್ತಿದ್ದರೆ ಹಿರಿಯರ ಸಮ್ಮುಖದಲ್ಲಿ ದೀಪದ ಉರಿಯಲ್ಲಿ ಕಾಯಿಸಿ ಆರಿಸಿದರೆ ಅದು ಮೆತ್ತಗಾಗಿ ಹೇಳಿದಂತೆ ಬಾಗುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡ ನಮ್ಮ ಸೀಮೆಯ ಮಕ್ಕಳಿಗೆ ಕಾಸಿದ ಲೋಹದ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಗಾಲಿಗಿಂತ ಚಿಕ್ಕದಾದ ಪಟ್ಟಿಯನ್ನೇ ಬೇಕೆಂದು ಮಾಡಿ, ಕಾಸಿ ಹಿಗ್ಗಿಸಿ ತೊಡಿಸಿ, ನೀರೆರೆದು ಬಿಗಿಯುತ್ತಾರೆ.

ವ್ಯಾಕರಣದಲ್ಲಿ ಸಂಧಿಯೇ ಆಗದ ಸಂದರ್ಭವೂ ಉಂಟು. ಅಯ್ಯೋ, ಇದೇನು ಎಂಬಲ್ಲಿ ಸ್ವರಗಳು ಎದುರಾದರೂ ಹಾಗೆಯೇ ಉಳಿಯುತ್ತವೆ. ಅದು ಪ್ರಕೃತಿಭಾವ. ಟರೆಟ್ಟಿಗೂ ಒಡಲಿಗೂ ನಡುವೆ ಕಂಡ ಸಣ್ಣ ಸಂದಿಯನ್ನು ಉತ್ಸಾಹದಲ್ಲಿ ಎಂ-ಸೀಲಿನಿಂದ ಮುಚ್ಚಲು ಹೊರಟವರನ್ನು ತಡೆಯಬೇಕಾಯಿತು. ನಿಜವಾದ ಟ್ಯಾಂಕಿನಲ್ಲಿ ಟರೆಟ್ಟು ತಿರುಗುತ್ತದೆ, ಸಂದಿಯಿಲ್ಲದೆ ತಿರುಗುವುದೆಂತು?

ಬಣ್ಣ ಬಳಿಯುವುದಕ್ಕೆ ಮೊದಲು ತೆಳುವಾದ ಬೂದು ಪ್ರೈಮರ್ ಒಂದು ಕೋಟು ಕೊಟ್ಟೆವು. ಪ್ಲಾಸ್ಟಿಕ್, ರಾಳ, ಲೋಹ ಎಲ್ಲವೂ ಒಂದೇ ಬಣ್ಣಕ್ಕೆ ಬಂದಾಗ ಉಳಿದ ಸಂದುಗಳು ತಾವಾಗಿ ಕಾಣಿಸಿಕೊಂಡವು. ಆ ಹಿರಿಯರು ಬಂದು ನಳಿಕೆಯನ್ನು ನೋಡಿ ತಲೆದೂಗಿದರು, ಬಳಿಕ ಬಾಗಿ ಸರಪಳಿಯನ್ನು ನೋಡಿ, ಬಿಗಿ ಹೆಚ್ಚಾಯಿತೆಂದರು. ಟಿ-55ರಲ್ಲಿ ಮೇಲಿನ ಸರಪಳಿಯನ್ನು ಹೊರುವ ಬೇರೆ ಉರುಳೆಗಳಿಲ್ಲ, ಅದು ಗಾಲಿಗಳ ಬೆನ್ನ ಮೇಲೆಯೇ ಜೋತು ಮಲಗುತ್ತದೆ. ಎಡಗಡೆ ಒಂದು ಕೊಂಡಿಯನ್ನು ಸೇರಿಸಿ ಸಡಿಲಿಸಿದ್ದಾಗಿದೆ. ಬಲಗಡೆಯದನ್ನು ಒಂಬತ್ತನೆಯ ತರಗತಿಯವರು ಈ ಶನಿವಾರ ಬಿಚ್ಚಲಿದ್ದಾರೆ.