ಗ್ರೂಪ್ ಫೋಟೋದಲ್ಲಿ ತುದಿಯವರು ಎಲ್ಲಿ ಹೋದರು?

ನಾವು ಗಣಿತದಲ್ಲಿ ಅನುಪಾತ ಓದಿದ್ದೇವೆ. 6:4 ಅಂದ್ರೂ 3:2 ಅಂದ್ರೂ ಒಂದೇ, ಆದರೆ 5:4 ಬೇರೆ. ಇಷ್ಟು ನೆನಪಿದ್ದರೆ ಈ ಲೇಖನ ಸುಲಭವಾಗಿ ಅರ್ಥವಾಗುತ್ತದೆ.

ಡಿಜಿಟಲ್ ಫೋಟೋ ಅಂದರೆ ಸಾಲು ಸಾಲಾಗಿ ಜೋಡಿಸಿದ ಚುಕ್ಕಿಗಳು. ಒಂದೊಂದು ಚುಕ್ಕಿಯನ್ನೂ ಪಿಕ್ಸೆಲ್ ಎನ್ನುತ್ತಾರೆ. ನಮ್ಮ ಸೋದರಮಾವ ಮದುವೆ ಫೋಟೋ ತೆಗೆಯೋಕೆ ಹೋಗ್ತಾರೆ. ಅವರ ಕ್ಯಾನನ್ 600ಡಿ ಕ್ಯಾಮೆರಾದ ಪೂರ್ತಿ ಚಿತ್ರದಲ್ಲಿ ಅಗಲಕ್ಕೆ 5184, ಎತ್ತರಕ್ಕೆ 3456 ಪಿಕ್ಸೆಲ್ ಇರುತ್ತವೆ. ಗುಣಿಸಿ ನೋಡಿದೆ, 1,79,15,904 ಬಂತು! ಭಾಗಿಸಿದರೆ 1.5, ಅಂದರೆ 3:2. ಈ ಅನುಪಾತ ರೀಲ್ ಕ್ಯಾಮೆರಾದ ಕಾಲದ್ದು. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬುವವರು ಸಿನಿಮಾ ಫಿಲ್ಮಿನ ಎರಡು ಚೌಕಗಳಷ್ಟು ಜಾಗ ಸೇರಿಸಿ 24×36 ಮಿ.ಮೀ. ಚಿತ್ರ ಬರುವಂತೆ ಮಾಡಿದರು. ಆ ಲೈಕಾ ಕ್ಯಾಮೆರಾ 1925ರಲ್ಲಿ ಮಾರಾಟಕ್ಕೆ ಬಂತು.

ತೊಂದರೆ ಇರೋದು ಕಾಗದದಲ್ಲಿ. 6×4 ಇಂಚು ಮತ್ತು 12×8 ಇಂಚಿನ ಕಾಗದ 3:2ಕ್ಕೆ ಸರಿಹೊಂದುತ್ತದೆ. 10×8 ಹೊಂದುವುದಿಲ್ಲ, ಅದು 5:4.

ಮಾಡಿ ನೋಡಿ: ಚೌಕುಳಿ ಹಾಳೆಯಲ್ಲಿ ಅಗಲ 12, ಎತ್ತರ 8 ಚೌಕದ ಆಯತ ಬರೆಯಿರಿ. ಅಗಲದ ಒಂದೊಂದು ಮನೆಗೆ ಒಬ್ಬರಂತೆ 12 ಜನರನ್ನು ನಿಲ್ಲಿಸಿ. ಈಗ ಇದನ್ನು 10×8ಕ್ಕೆ ತರಬೇಕು. ಎತ್ತರ ಸರಿಯಾಗಿದೆ, ಅಗಲದಲ್ಲಿ ಎರಡು ಮನೆ ಹೆಚ್ಚು. ಎರಡೂ ಕಡೆ ಒಂದೊಂದು ಮನೆ ಕತ್ತರಿಸಬೇಕು. ಹೋದದ್ದು ಆರನೇ ಒಂದು ಭಾಗ, ಆದರೆ ಹೋದವರು ಇಬ್ಬರು ಮನುಷ್ಯರು!

ನಮ್ಮ ಶಾಲೆಯ ಹಜಾರದಲ್ಲಿ ಕಟ್ಟು ಹಾಕಿಸಿರುವ ಹೋದ ವರ್ಷದ ಏಳನೇ ತರಗತಿಯ ಫೋಟೋ ನೋಡಿ. ಅದೂ 10×8. ಹಿಂದಿನ ಸಾಲಿನ ಎಡತುದಿಯಲ್ಲಿ ಒಂದು ಭುಜ ಮಾತ್ರ ಕಾಣುತ್ತೆ. ಅದು ನಮ್ಮ ಅಕ್ಕ. ಬಲತುದಿಯಲ್ಲಿದ್ದ ಹುಡುಗನದು ಭುಜವೂ ಇಲ್ಲ. ಆಗಸ್ಟ್ 15ಕ್ಕೆ ಬಂದಿದ್ದ ಅಮ್ಮ ಗಾಜಿನ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ಹುಡುಕಿದರು. ಹೊಸದಾಗಿ ಬಂದ ಮೇಷ್ಟ್ರು, "ಅವತ್ತು ನಿಮ್ಮ ಮಗಳು ರಜೆ ಇದ್ಲೇನಮ್ಮಾ?" ಅಂತ ಕೇಳಿದ್ರು. ಅಕ್ಕ ಏಳು ವರ್ಷದಲ್ಲಿ ರಜೆ ಹಾಕಿದ್ದೇ ಕಮ್ಮಿ.

ಕತ್ತರಿಸದೆ ಅಮುಕಿದರೆ ಆಗಲ್ವಾ ಅಂತ ಮಾವನನ್ನು ಕೇಳಿದೆ. ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. 12 ಜನ 10ರ ಅಗಲದಲ್ಲಿ ಬಂದರು, ಆದರೆ ಹೆಡ್‌ಮಾಸ್ಟರು ಸಹ ನುಗ್ಗೇಕಾಯಿ ತರಹ ಆಗಿಬಿಟ್ಟರು (ಕ್ಷಮಿಸಿ ಸಾರ್). ಇನ್ನೊಂದು ದಾರಿ, ಮೇಲೆ ಕೆಳಗೆ ಬಿಳಿ ಪಟ್ಟಿ ಬಿಟ್ಟು ಪೂರ್ತಿ ಚಿತ್ರ ಹಾಕಿಸುವುದು. ನನಗೆ ಅದೇ ಮೇಲು ಅನ್ನಿಸಿತು.

ಇನ್ನು ರಾ ಫೈಲ್ ವಿಷಯ. ರಾ ಅಂದ್ರೆ ಹಸಿ. ಕ್ಯಾಮೆರಾ ಕಂಡದ್ದನ್ನು ಬೇಯಿಸದೆ ಹಾಗೇ ಇಟ್ಟಿರುತ್ತೆ. ಒಳಗಿನ ಸೆನ್ಸರಿನಲ್ಲಿ ಪ್ರತಿ 4 ಚುಕ್ಕಿಗೆ 2 ಹಸಿರು, 1 ಕೆಂಪು, 1 ನೀಲಿ. ಈ ಜೋಡಣೆಗೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಚುಕ್ಕಿಯಲ್ಲಿ ಇಲ್ಲದ ಬಣ್ಣವನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಅಂಚಿನ ಚುಕ್ಕಿಗೆ ಒಂದು ಕಡೆ ನೆರೆಯವರೇ ಇಲ್ಲ! ಅದಕ್ಕೇ ಸುತ್ತ ಸ್ವಲ್ಪ ಅಂಚನ್ನು ಬಿಟ್ಟುಬಿಡುತ್ತಾರೆ. ಎಷ್ಟು ಬಿಡಬೇಕು ಅನ್ನೋದು ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ತರಹ. ಆದ್ದರಿಂದ ಒಂದೇ ಫೈಲಿನ ಅಳತೆ ಕೆಲವು ಪಿಕ್ಸೆಲ್ ಹೆಚ್ಚುಕಮ್ಮಿ ಬಂದರೆ ಗಾಬರಿ ಬೇಡ. ಅಕ್ಕ ಹೋದದ್ದು ಅದರಿಂದ ಅಲ್ಲ. 5184ರಲ್ಲಿ 864 ಪಿಕ್ಸೆಲ್ ಕತ್ತರಿಸಿದ್ದರಿಂದ.

ಲೈಟ್‌ರೂಮ್, ಡಾರ್ಕ್‌ಟೇಬಲ್ ಮುಂತಾದವುಗಳಲ್ಲಿ ರಾ ಫೈಲನ್ನು ಕ್ರಾಪ್ ಮಾಡಿದರೆ ಮೂಲಚಿತ್ರ ಹಾಳಾಗುವುದಿಲ್ಲ. ಎಲ್ಲಿ ಕತ್ತರಿಸಬೇಕು ಎಂಬ ಸೂಚನೆ ಮಾತ್ರ ಉಳಿಯುತ್ತದೆ. ಆದರೆ ಜೆಪೆಗ್ ಫೋಟೋವನ್ನು ಕತ್ತರಿಸಿ ಅದೇ ಹೆಸರಿನ ಮೇಲೆ ಸೇವ್ ಮಾಡಿದರೆ ಹೋದದ್ದು ಹೋಯಿತು. ಫೋನಿನ ಫೋಟೋ ಸಾಮಾನ್ಯವಾಗಿ 4:3. ಅದನ್ನು 6×4 ಕಾಗದಕ್ಕೆ ಹಾಕಿಸಿದರೆ ತುದಿಯವರು ಉಳಿಯುತ್ತಾರೆ, ಎತ್ತರದಲ್ಲಿ ಒಂಬತ್ತನೇ ಒಂದು ಭಾಗ ಹೋಗುತ್ತದೆ. ಉದ್ದ ಇರೋರು ನೋಡಿಕೊಳ್ಳಿ.

ಅಕ್ಕನ ತರಗತಿಯ ಫೋಟೋ ತೆಗೆದವರ ಹತ್ತಿರ ಮೂಲ ಫೈಲ್ ಇನ್ನೂ ಇದೆಯಂತೆ. 12×8ರಲ್ಲಿ ಮತ್ತೆ ಹಾಕಿಸೋಣ ಅಂತ ಹೆಡ್‌ಮಾಸ್ಟರು ಒಪ್ಪಿದ್ದಾರೆ. ಈ ವರ್ಷ ನಮ್ಮ ಫೋಟೋ ತೆಗೆಯುವ ದಿನ ಕಾಗದದ ಅಳತೆ ಮೊದಲೇ ಕೇಳಬೇಕು. 10×8 ಅಂದರೆ ಸಾಲಿನ ಎರಡೂ ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಡಿಸಬೇಕು. ಕೇಳುವ ಕೆಲಸ ನನಗಿರಲಿ.