ಮಗುವಿನ ಪುಟ್ಟ ಕಿವಿಯೊಳಗೆ ದೊಡ್ಡವರ ಮೂಳೆ

ಪ್ರಶ್ನೆ: ಎಳೆ ಮಗುವಿನ ಕಿವಿಯೊಳಗಿನ ಮೂಳೆಗಳು ದೊಡ್ಡವರ ಮೂಳೆಗಳಷ್ಟೇ ದೊಡ್ಡವು ಎಂದು ಎಲ್ಲೋ ಓದಿದೆ. ನನ್ನ ಮೊಮ್ಮಗಳ ಕಿವಿ ನನ್ನ ಕಿವಿಯ ಅರ್ಧದಷ್ಟೂ ಇದ್ದಂತಿಲ್ಲ. ಇದು ನಿಜವೇ? ಆ ಮೂಳೆಗಳು ಮೂಡುವುದು ಯಾವಾಗ?

ಉತ್ತರ: ನೀವು ಓದಿದ್ದು ನಿಜ. ಮೊಮ್ಮಗಳ ಕಿವಿ ನೋಡಿ ಅನುಮಾನ ಬಂದದ್ದೂ ಸಹಜವೇ. ಕಿವಿ ಎಂದ ಕೂಡಲೇ ನಮ್ಮ ಕೈ ಹೋಗುವುದು ಹೊರಗಿವಿಗೆ. ಅದರಲ್ಲಿ ಮೂಳೆಯೇ ಇಲ್ಲ, ಇರುವುದು ಮೃದ್ವಸ್ಥಿ. ಓಲೆ ಹಾಕುವ ಹಾಲೆಯಲ್ಲಿ ಅದೂ ಇಲ್ಲ. ಹುಟ್ಟಿದ ಮೇಲೂ ವರ್ಷಗಟ್ಟಲೆ ಬೆಳೆಯುವುದು ಈ ಭಾಗ. ನೀವು ಓದಿದ ಮೂರು ಮೂಳೆಗಳಿರುವುದು ತಮಟೆಯ ಆಚೆ, ಮಧ್ಯಕಿವಿಯಲ್ಲಿ. ಆಕಾರ ನೋಡಿ ಅವುಗಳಿಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪು ಎಂದರೆ ಕುದುರೆ ಸವಾರ ಕಾಲಿಡುವ ಬಳೆ. ಸುಮಾರು 3 ಮಿ.ಮೀ. ಇರುವ ಈ ಮೂಳೆ ನಮ್ಮ ಮೈಯಲ್ಲೇ ಅತಿ ಚಿಕ್ಕದು.

ಇವುಗಳ ಹುಟ್ಟು ಕಿವಿಯಲ್ಲಲ್ಲ ಎಂದರೆ ನಿಮಗೆ ಅಚ್ಚರಿಯಾಗಬಹುದು. ಗರ್ಭ ನಿಂತ ನಾಲ್ಕನೆಯ ವಾರದ ಹೊತ್ತಿಗೆ ಭ್ರೂಣದ ಕತ್ತಿನ ಭಾಗದಲ್ಲಿ ಕಮಾನಿನಂಥ ಉಬ್ಬುಗಳು ಏಳುತ್ತವೆ. ಮೊದಲ ಕಮಾನಿನಿಂದ ಕೆಳದವಡೆ ಆಗುತ್ತದೆ. ಅದರ ಮೃದ್ವಸ್ಥಿಯ ಹಿಂತುದಿಯೇ ಸುತ್ತಿಗೆ, ಅಡಿಗಲ್ಲುಗಳ ಬಹುಭಾಗ. ರಿಕಾಪು ಎರಡನೆಯ ಕಮಾನಿನದು, ಅದರ ಪಾದಕ್ಕೆ ಒಳಕಿವಿಯ ಕವಚವೂ ಒಂದಿಷ್ಟು ಸೇರುತ್ತದೆ. ಸುತ್ತಿಗೆಯ ಹಿಡಿ ಯಾವ ಕಮಾನಿನದೆಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ಈ ಹಳೆಯ ನಂಟು ನರಗಳಲ್ಲಿ ಉಳಿದುಕೊಂಡಿದೆ. ಸುತ್ತಿಗೆಯನ್ನು ಎಳೆಯುವ ಸಣ್ಣ ಸ್ನಾಯುವಿಗೆ ನರ ಬರುವುದು ಅಗಿಯುವ ಸ್ನಾಯುಗಳ ನರದಿಂದಲೇ. ರಿಕಾಪಿನ ಸ್ನಾಯುವಿಗೆ ಮುಖದ ನರ. ಹಾಗಾಗಿಯೇ ಮುಖದ ಒಂದು ಪಕ್ಕ ಸೋತವರಲ್ಲಿ ಕೆಲವರಿಗೆ ಆ ಬದಿಯ ಕಿವಿಯಲ್ಲಿ ಪಾತ್ರೆಯ ಸದ್ದೂ ಅತಿಯಾಗಿ ಕೇಳುತ್ತದೆ.

ರಿಕಾಪಿನ ನಡುವಿನ ತೂತಿಗೂ ಒಂದು ಕಾರಣವಿದೆ. ಅದು ರೂಪುಗೊಳ್ಳುವಾಗ ಅದರ ಮಧ್ಯದಿಂದ ಒಂದು ರಕ್ತನಾಳ ಹಾದುಹೋಗುತ್ತಿರುತ್ತದೆ, ಮೃದ್ವಸ್ಥಿ ಅದರ ಸುತ್ತ ಬಳೆಯಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಆ ನಾಳ ಆಮೇಲೆ ಕರಗಿಹೋಗುತ್ತದೆ, ತೂತು ಮಾತ್ರ ಉಳಿಯುತ್ತದೆ.

ಸುಮಾರು 15-16 ವಾರಗಳಿಗೆ ಮೂರೂ ಮೃದ್ವಸ್ಥಿಯ ರೂಪದಲ್ಲೇ ದೊಡ್ಡವರ ಅಳತೆಗೆ ಬಂದಿರುತ್ತವೆ. ಆ ಬಳಿಕವೇ ಮೂಳೆಗಟ್ಟುವ ಕೆಲಸ: ಮೊದಲು ಅಡಿಗಲ್ಲು, ಬೆನ್ನಿಗೇ ಸುತ್ತಿಗೆ, ಕೊನೆಗೆ ರಿಕಾಪು. ಅಲ್ಲಿಂದ ಮುಂದೆ ಅವು ದೊಡ್ಡದಾಗುವುದಿಲ್ಲ. ರಿಕಾಪಂತೂ ಒಳಗೊಳಗೇ ಸವೆದು ತೆಳುವಾಗುತ್ತದೆ.

ಅಳತೆ ಮುಗಿದರೂ ಅವು ಸಲೀಸಾಗಿ ಅಲುಗಾಡಲು ಜಾಗ ಬೇಕಲ್ಲ. ಬಹುಕಾಲ ಅವುಗಳ ಸುತ್ತ ಲೋಳೆಯಂಥ ಮೆದು ಅಂಗಾಂಶ ತುಂಬಿರುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅದು ಕರಗುತ್ತ ಬರುತ್ತದೆ. ಮಧ್ಯಕಿವಿಗೆ ಗಾಳಿ ಹೋಗುವುದು ಮಗು ಹುಟ್ಟಿ ಉಸಿರಾಡತೊಡಗಿದ ಮೇಲೆ, ಗಂಟಲಿನಿಂದ ಅಲ್ಲಿಗಿರುವ ಸಣ್ಣ ಕೊಳವೆಯ ಮೂಲಕ.