ಹಳೆಯ ಜೀಪಿನ ಬಲಹೀನತೆ: ಕಾರಣವನ್ನರಿಯುವ ಕ್ರಮ

ಪುತ್ತೂರು, ಸುಳ್ಯ, ಕಡಬ ಸೀಮೆಗಳ ತೋಟದ ಮನೆಗಳಿಗೆ ಹೋಗುವ ಏರುದಾರಿಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಅಂಥದೊಂದು ವಾಹನವು ಸಂಪಾಜೆ ಘಾಟಿಯನ್ನೇರುವಾಗ ಸೋತಿತೆಂದರೆ, "ಯಂತ್ರವನ್ನೇ ಬಿಚ್ಚಿಸಬೇಕು" ಎಂಬ ತೀರ್ಪು ಕೂಡಲೇ ಹೊರಡುವುದುಂಟು. ಪರೀಕ್ಷಿಸದೆ ಕೊಟ್ಟ ತೀರ್ಪಿನಿಂದ ಒಂದು ಸಂಸಾರದ ವರ್ಷದ ಉಳಿತಾಯವೇ ಕರಗಬಹುದು.

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಒಳಗಿನ ಗಾಳಿಯು ಪ್ರತಿಭಟಿಸುವುದಷ್ಟೆ. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರುವಾಗ ನಡೆಯುವುದೂ ಇದೇ. ಮಹಾಯುದ್ಧಕಾಲದ ವಿಲ್ಲಿಸ್ ಜೀಪಿನ ನಾಲ್ಕು ಸಿಲಿಂಡರುಗಳಲ್ಲಿ ಪೆಟ್ರೋಲ್ ಬೆರೆತ ಗಾಳಿಯು ಸುಮಾರು ಆರೂವರೆಯಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಲ್ಪಡುತ್ತದೆ. ಆ ಗಾಳಿ ಸೋರಿದರೆ ಬಲವೂ ಕುಂದುವುದು. ಸೋರುವ ಎಡೆಗಳು ಮುಖ್ಯವಾಗಿ ಮೂರು: ಪಿಸ್ಟನ್ನಿನ ರಿಂಗುಗಳು, ವಾಲ್ವುಗಳು, ಹೆಡ್ ಗ್ಯಾಸ್ಕೆಟ್.

ಪರೀಕ್ಷೆಯ ಕ್ರಮವಿದು. ಯಂತ್ರವನ್ನು ಓಡಿಸಿ ಬಿಸಿಮಾಡಿ ನಿಲ್ಲಿಸತಕ್ಕದ್ದು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೈಬ್ರೇಕು ಹಾಕಿ, ಕಿಡಿ ಹಾರದಂತೆ ಕಾಯಿಲಿನ ತಂತಿಯನ್ನು ಕಳಚಿ, ಎಲ್ಲ ಪ್ಲಗ್ಗುಗಳನ್ನೂ ತೆಗೆಯಬೇಕು. ಒಂದು ರಂಧ್ರಕ್ಕೆ ಒತ್ತಡದ ಮಾಪಕವನ್ನು ಕೂಡಿಸಿ, ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿಟ್ಟು, ಸ್ಟಾರ್ಟರಿನಿಂದ ಐದಾರು ಒತ್ತುಗಳಾಗುವಷ್ಟು ತಿರುಗಿಸಿ ಅಂಕವನ್ನು ಬರೆದುಕೊಳ್ಳಬೇಕು. ನಾಲ್ಕಕ್ಕೂ ಹೀಗೆಯೇ.

ತಯಾರಕರ ಪುಸ್ತಕದ ಅಂಕದೊಡನೆ ಇವುಗಳನ್ನು ಹೋಲಿಸುವುದು ಸರಿಯೇ. ಆದರೆ ಸಿಲಿಂಡರುಗಳನ್ನು ಪರಸ್ಪರ ಹೋಲಿಸುವುದು ಇನ್ನೂ ಮುಖ್ಯ. ಒಂದರ ಅಂಕವು ಅತ್ಯಧಿಕವಾದುದರ ಮುಕ್ಕಾಲು ಪಾಲಿಗಿಂತಲೂ ಕೆಳಗಿದ್ದರೆ ಅಲ್ಲಿ ದೋಷವುಂಟೆಂದು ತಿಳಿಯಬೇಕು. ಆ ಸಿಲಿಂಡರಿಗೆ ಒಂದು ಚಹಾ ಚಮಚೆಯಷ್ಟು ಎಂಜಿನ್ ಎಣ್ಣೆಯನ್ನು ಹಾಕಿ ಪುನಃ ಅಳೆಯಿರಿ. ಎಣ್ಣೆಯು ಪಿಸ್ಟನ್ನಿನ ಸುತ್ತಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ ಅಂಕವು ಚೆನ್ನಾಗಿ ಏರಿದರೆ ರಿಂಗುಗಳೋ ಸಿಲಿಂಡರಿನ ಗೋಡೆಯೋ ಸವೆದಿದೆ. ಏರದಿದ್ದರೆ ವಾಲ್ವಿನ ಮೇಲೆ ಸಂದೇಹಪಡಬೇಕು; ಅದರ ಸಂದಿಯ ಅಳತೆ ತಪ್ಪಿದ್ದರೆ ಬಿಚ್ಚದೆಯೇ ಸರಿಪಡಿಸಬಹುದು. ಒತ್ತಾಗಿರುವ ಎರಡು ಸಿಲಿಂಡರುಗಳು ಒಟ್ಟಿಗೆ ಕುಂದಿದ್ದರೆ ನಡುವಿನ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ನಾಲ್ಕೂ ಸಮವಾಗಿ ಚೆನ್ನಾಗಿದ್ದರೆ ದೋಷವು ಕಾರ್ಬುರೇಟರಿನಲ್ಲೋ ಕಿಡಿಯಲ್ಲೋ ಇರಬಹುದು.

ಡೀಸಲ್ ಜೀಪಿನ ಒತ್ತಡವು ಬಹಳ ಹೆಚ್ಚು. ಅದಕ್ಕೆ ಈ ಮಾಪಕವೂ ಸಲ್ಲದು, ಎಣ್ಣೆ ಹಾಕುವ ಕ್ರಮವೂ ಸಲ್ಲದು, ಬಲ್ಲವರಿಗೇ ಬಿಡಿರಿ.

ಈ ಅಂಕಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ತಾರೀಕಿನೊಡನೆ ಬರೆದಿಡುವ ಕೆಲಸವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಹಿಸಿಕೊಳ್ಳಲಿ. ಮುಂದಿನ ವರ್ಷದ ಅಂಕಗಳೊಡನೆ ಹೋಲಿಸಿದಾಗ ಸವೆತದ ಗತಿಯು ತಾನಾಗಿ ತಿಳಿಯುವುದು. ಮೊದಲು ಅಳತೆ, ಬಳಿಕ ತೀರ್ಪು. ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಕಲಿತ ಈ ನಿಯಮವು ಮನೆಯಂಗಳದ ಜೀಪಿಗೂ ಸಲ್ಲುವುದು.